ಯಕೃತ್ತಿಗೆ ಕಟ್ಟುವ ದಬ್ಬೆ

ಶಾಲೆಯ ಪಠ್ಯಗಳು ಯಕೃತ್ತನ್ನು ಪಿತ್ತಜನಕಾಂಗ ಎನ್ನುತ್ತವೆ. ಪಿತ್ತರಸ ಸ್ರವಿಸುವುದು ಅದರ ನೂರಾರು ಕೆಲಸಗಳಲ್ಲಿ ಒಂದು ಮಾತ್ರ. ಅಮೋನಿಯಾವನ್ನು ಯೂರಿಯಾ ಆಗಿಸುವುದು, ವಿಷವನ್ನು ಒಡೆಯುವುದು, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಆಲ್ಬುಮಿನ್ನನ್ನೂ ತಯಾರಿಸುವುದು ಎಲ್ಲವೂ ಅದರ ಪಾಲಿನವೇ. ಮೂತ್ರಪಿಂಡ ಸೋತವರಿಗಾಗಿ 1943ರಲ್ಲಿ ನೆದರ್ಲೆಂಡ್ಸಿನ ವಿಲೆಮ್ ಕೋಲ್ಫ್ ಬಳಕೆಗೆ ತಂದ ಡಯಾಲಿಸಿಸ್ ಯಂತ್ರ ಇಂದು ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಯಕೃತ್ತಿಗೆ ಅಂಥದ್ದು ಇನ್ನೂ ದಕ್ಕಿಲ್ಲ. ಮೂತ್ರಪಿಂಡದ ಮುಖ್ಯ ಕೆಲಸ ಸೋಸುವುದು. ಯಕೃತ್ತು ತಯಾರಿಸುತ್ತದೆ ಕೂಡ, ತಯಾರಿಕೆಗೆ ಜೀವಂತ ಕೋಶಗಳೇ ಬೇಕು.

ಹೀಗಾಗಿ ಜೈವಿಕ ಕೃತಕ ಯಕೃತ್ತು ಅರ್ಧ ಯಂತ್ರ, ಅರ್ಧ ಅಂಗ. ರೋಗಿಯ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಕೂದಲೆಳೆಯಂಥ ಟೊಳ್ಳು ನಳಿಕೆಗಳಲ್ಲಿ ಹರಿಯುತ್ತದೆ. ಹೊರಬದಿಯಲ್ಲಿ ಬೆಳೆಸಿದ ಕೋಶಗಳು ಅದರಿಂದ ವಿಷ ಪಡೆದು, ತಾವು ತಯಾರಿಸಿದ್ದನ್ನು ಕೊಡುತ್ತವೆ. ಹೆಪಟ್‌ಅಸಿಸ್ಟ್ ಸಾಧನದಲ್ಲಿದ್ದವು ಹಂದಿಯ ಕೋಶಗಳು. ಎಲಾಡ್ ಸಾಧನದಲ್ಲಿ ಮನುಷ್ಯನ ಯಕೃತ್ತಿನ ಗಡ್ಡೆಯಿಂದ ಬೆಳೆಸಿದವು. 2004ರಲ್ಲಿ ಪ್ರಕಟವಾದ ಹೆಪಟ್‌ಅಸಿಸ್ಟ್ ಪರೀಕ್ಷೆಯಲ್ಲಿ 171 ರೋಗಿಗಳಿದ್ದರು. ಒಂದು ತಿಂಗಳ ಬಳಿಕ ಬದುಕಿದ್ದವರು ಸಾಧನ ಪಡೆದವರಲ್ಲಿ ಶೇ 71, ಪಡೆಯದವರಲ್ಲಿ ಶೇ 62. ಅದು ಆಕಸ್ಮಿಕವಲ್ಲ ಎನ್ನಲು ಆ ಅಂತರ ಸಾಲಲಿಲ್ಲ. ಅತಿ ಕುಡಿತದಿಂದ ಯಕೃತ್ತು ಬಾತವರ ಮೇಲೆ ನಡೆದ ಎಲಾಡ್ ಪರೀಕ್ಷೆಯೂ 2018ರಲ್ಲಿ ಸೋತಿತು.

ಇದನ್ನು ಕಲ್ಪನೆಯದೇ ಸೋಲೆನ್ನುವುದು ಆತುರದ ಮಾತು. ಆರೋಗ್ಯವಂತ ಯಕೃತ್ತು ಬಹುಪಾಲು ಕತ್ತರಿಸಿದರೂ ಮತ್ತೆ ಬೆಳೆಯಬಲ್ಲದು. ಆದ್ದರಿಂದ ಸಾಧನ ಯಕೃತ್ತಿಗೆ ಸಮನೇ ಎಂದು ಕೇಳುವುದೇ ತಪ್ಪು. ಮುರಿದ ಕಾಲಿಗೆ ಕಟ್ಟಿದ ದಬ್ಬೆ ಮೂಳೆಯಾಗಬೇಕಿಲ್ಲ, ಮೂಳೆ ಕೂಡುವವರೆಗೆ ಅಲುಗದಂತೆ ಹಿಡಿದರೆ ಸಾಕು. ಕೂಡುವ ಮೂಳೆಯೇ ಇಲ್ಲದಿದ್ದರೆ? ಗಂಟುಗಟ್ಟಿ ಸತ್ತ ಯಕೃತ್ತಿನ ರೋಗಿಗೆ, ಕಸಿಗೆ ಅಂಗ ಸಿಗುವ ಭರವಸೆಯೂ ಇಲ್ಲದಾಗ, ಸಾಧನ ಸಂಕಟವನ್ನಷ್ಟೇ ಲಂಬಿಸಬಹುದು. ಈ ಆಕ್ಷೇಪ ನಿಜ. ಅದಕ್ಕೇ ಸಾಧನದ ಮೊದಲ ಹಕ್ಕು, ನಿನ್ನೆವರೆಗೆ ಗಟ್ಟಿಯಿದ್ದ ಯಕೃತ್ತು ಹಠಾತ್ತನೆ ಕೈಕೊಟ್ಟವರದು.

ಗದಗ ಸೀಮೆಯ ಹಿರೇಹಂದಿಗೋಳದಂಥ ಊರಲ್ಲಿ ಈ ವಾದಕ್ಕೆ ತೂಕ ಬರುತ್ತದೆ. ಹಳದಿ ರಂಜಕದ ಇಲಿ ಪಾಷಾಣ ದಕ್ಷಿಣ ಭಾರತದಲ್ಲಿ ಹಠಾತ್ ಯಕೃತ್ ವೈಫಲ್ಯಕ್ಕೆ ದೊಡ್ಡ ಕಾರಣ. ಹೊಟ್ಟೆ ಸೇರಿದ ಮೊದಲ ದಿನಗಳಲ್ಲಿ ಆಳು ಚೆನ್ನಾಗಿಯೇ ಕಂಡು, ಆಮೇಲೆ ಕಾಮಾಲೆ, ರಕ್ತಸ್ರಾವ ಶುರುವಾಗುತ್ತವೆ. ಯಕೃತ್ತಿನ ಕಸಿ ಹೆಚ್ಚಾಗಿ ನಡೆಯುವುದು ಸುಮಾರು 400 ಕಿ.ಮೀ. ಆಚೆಯ ಬೆಂಗಳೂರಿನಲ್ಲಿ. ಇಲ್ಲಿ ಎರಡು ದಿನದ ಆಸರೆಯೂ ಒಂದು ಜೀವದ ಬೆಲೆ ಬಾಳುತ್ತದೆ. ಕಷ್ಟವಿರುವುದೂ ಇಲ್ಲೇ: ಜೀವಂತ ಕೋಶಗಳನ್ನು ಡಯಾಲಿಸಿಸ್ ಯಂತ್ರದಂತೆ ಮೂಲೆಯಲ್ಲಿ ಮುಚ್ಚಿಡಲಾಗದು; ಅವುಗಳಿಗೆ ಆಹಾರ, ಆಮ್ಲಜನಕ, ಹದವಾದ ಶಾಖ ಸದಾ ಬೇಕು.

ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ 2015ರಲ್ಲಿ, ಯಕೃತ್ತಿನ ಕೆಲಸ ಮಾಡುವ ಮಾನವ ಅಂಗಾಂಶವನ್ನು 3ಡಿ ಮುದ್ರಣದಿಂದ ರೂಪಿಸಿರುವುದಾಗಿ ಪ್ರಕಟಿಸಿತು. ಔಷಧ ಪರೀಕ್ಷೆಯ ಜೊತೆಗೆ ದೇಹದ ಹೊರಗಿನ ಆಸರೆ ಸಾಧನವೂ ಅದರ ಗುರಿಗಳಲ್ಲಿತ್ತು. ಇಂಥ ಅಂಗಾಂಶ ಸಾಧನವಾಗಿ ಸಿದ್ಧವಾದರೆ, ಅದರ ನಿಜವಾದ ಪರೀಕ್ಷೆ ನಡೆಯಬೇಕಾದದ್ದು ಕಸಿ ಕೊಠಡಿಯ ಪಕ್ಕದಲ್ಲಲ್ಲ, ಹುಬ್ಬಳ್ಳಿ–ಗದಗದ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ.