ಆರೋಪಿ ನಿಮಗೆ ಏನಾಗಬೇಕು?

ತಾಲೂಕು ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಒಮ್ಮೆ ಒಂದು ಪಾಠ ಕಿವಿಗೆ ಬಿತ್ತು. ನಾನು ಹೋಗಿದ್ದು ನಮ್ಮದೇ ಒಂದು ಬದುವಿನ ವ್ಯಾಜ್ಯಕ್ಕೆ. ಪಕ್ಕದ ಬೆಂಚಿನಲ್ಲಿ ವಕೀಲರ ಗುಮಾಸ್ತನೊಬ್ಬ ಹಿರಿಯರೊಬ್ಬರಿಗೆ ಪ್ರಶ್ನೋತ್ತರ ಉರು ಹೊಡೆಸುತ್ತಿದ್ದ. "ಆರೋಪಿ ಹೆಸರು ಕೇಳ್ತಾರೆ, ಹೇಳಿ ನೋಡೋಣ." ಹಿರಿಯರು ತಡವರಿಸಿದರು. "ನಿಮಗೆ ಏನಾಗಬೇಕು ಅಂತಾರೆ." "ಚಿಕ್ಕಪ್ಪ ಅಂತೀನಿ." "ಅಯ್ಯೋ, ಚಿಕ್ಕಪ್ಪ ನೀವು. ಅವನು ನಿಮ್ಮ ಅಣ್ಣನ ಮಗ!" ಹಿರಿಯರ ಕೈಯಲ್ಲೊಂದು ಪ್ಲಾಸ್ಟಿಕ್ ಕವರು; ಅದರಲ್ಲಿ ಪಹಣಿ, ಆಧಾರ್ ಜೆರಾಕ್ಸು, ಎರಡು ಫೋಟೊ.

ಆಚೆ ಬೆಂಚಿನಲ್ಲಿ ಆರೋಪಿ ಹುಡುಗನ ನಿಜವಾದ ಸೋದರಮಾವ ಸುಮ್ಮನೆ ಕೂತಿದ್ದರು. ಅವರೂ ಪಹಣಿ ತಂದಿದ್ದರು. ಆದರೆ ಅದು ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಆಗಿರಲಿಲ್ಲ. ಹೀಗಾಗಿ ಹುಡುಗನನ್ನು ಎತ್ತಿ ಆಡಿಸಿದವರು ಹೊರಗೆ ಉಳಿದರು, ಹೆಸರು ಬಾಯಿಪಾಠ ಮಾಡಿದವರು ಒಳಗೆ ಹೋದರು.

ಜಾಮೀನು ಅರಬ್ಬಿಯಿಂದ ಬಂದ ಮಾತು. ಮೂಲದಲ್ಲಿ ಅದಕ್ಕೆ ಹೊಣೆ ಹೊತ್ತ ಮನುಷ್ಯ ಎಂದರ್ಥ. ಜಮೀನು ಎಂಬುದು ಪಾರಸಿಯ ನೆಲ. ಎರಡಕ್ಕೂ ನಂಟಿಲ್ಲ, ಕನ್ನಡದಲ್ಲಿ ನಡುವೆ ಇರುವುದು ಒಂದೇ ಒಂದು ದೀರ್ಘ. ಆ ದೀರ್ಘವನ್ನು ನಮ್ಮ ನ್ಯಾಯಾಲಯಗಳು ನುಂಗಿಬಿಟ್ಟಿವೆ ಎಂಬುದು ನನ್ನ ತಕರಾರು. ಕಟಕಟೆಯಲ್ಲಿ "ಏನಾಗಬೇಕು" ಎಂದು ಒಂದು ಸಲ ಕೇಳುತ್ತಾರೆ. ಉಳಿದದ್ದೆಲ್ಲ ಸರ್ವೆ ನಂಬರು, ಎಕರೆ, ಗುಂಟೆ, ಬೆಲೆ.

ಬಿಡುಗಡೆಯಾದವನು ವಾಯಿದೆಗೆ ಮರಳಿ ಬರುವುದು ಯಾಕೆ? ನಾನು ತಪ್ಪಿಸಿಕೊಂಡರೆ ಮಾವನ ಗದ್ದೆಗೆ ಕುತ್ತು, ಆಮೇಲೆ ಊರಲ್ಲಿ ತಲೆ ಎತ್ತುವಂತಿಲ್ಲ ಎಂಬ ಅಳುಕಿನಿಂದ. ಗದ್ದೆ ಇಲ್ಲಿ ನೆಪ, ಕಟ್ಟಿಹಾಕುವುದು ಆ ಅಳುಕು. ಬಾಡಿಗೆಯ ಚಿಕ್ಕಪ್ಪನ ಗದ್ದೆ ಹರಾಜಾದರೆ ಹುಡುಗನಿಗೆ ಏನಾಗಬೇಕು?

ಇಂಗ್ಲೆಂಡಿನವರು ಇದನ್ನು ಕಾಯಿದೆಯಲ್ಲೇ ಬರೆದಿದ್ದಾರೆ. ಅವರ 1976ರ ಜಾಮೀನು ಕಾಯಿದೆ ಜಾಮೀನುದಾರನ ಹಣಬಲ, ನಡತೆಗಳ ಜೊತೆಗೆ ಆರೋಪಿಗೂ ಅವನಿಗೂ ಇರುವ ನೆಂಟಸ್ತಿಕೆ, ನೆರೆಹೊರೆಯನ್ನೂ ನೋಡಬಹುದು ಎನ್ನುತ್ತದೆ. "ನೀನು ಜಾಮೀನು ನಿಲ್ಲು, ನಷ್ಟವಾದರೆ ನಾನು ತುಂಬಿಕೊಡುತ್ತೇನೆ" ಎಂದು ಒಳಒಪ್ಪಂದ ಮಾಡಿಕೊಂಡರೆ ಅಲ್ಲಿ ಅದೇ ಒಂದು ಅಪರಾಧ. ಕಳೆದುಕೊಳ್ಳುವ ಭಯ ಇಲ್ಲದವನ ಸಹಿಗೆ ಬೆಲೆ ಇಲ್ಲ ಎಂಬುದು ತರ್ಕ.

ನಮ್ಮಲ್ಲಿ ತರ್ಕ ತಿರುವುಮುರುವಾದ ಪ್ರಸಿದ್ಧ ಪ್ರಕರಣ 1978ರ ಮೋತಿರಾಮ್‌ನದು. ಆತ ಮಧ್ಯಪ್ರದೇಶದ ಬಡ ಗಾರೆ ಕೆಲಸದವ. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಒಡಹುಟ್ಟಿದ ಅಣ್ಣತಮ್ಮನೇ ಮುಂದೆ ಬಂದರೂ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಅಣ್ಣತಮ್ಮಂದಿರ ನಡುವೆ ಜಿಲ್ಲೆಯ ಗಡಿ ಹಾಯ್ದುಹೋಯಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆತನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಚಾಂದನಿ ಚೌಕದಲ್ಲೋ ಪೋರ್ಟ್ ಬ್ಲೇರಿನಲ್ಲೋ ಸಿಕ್ಕಿಬಿದ್ದ ಕನ್ನಡಿಗ ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ತರಬೇಕು ಎಂದು ಆ ತೀರ್ಪಿನಲ್ಲೇ ಕೇಳಿದ್ದರು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟದಿಂದ ಜಾಮೀನು ಸಿಕ್ಕವರೂ ಒಳಗೇ ಉಳಿಯುತ್ತಿದ್ದಾರೆ ಎಂದು ಅದೇ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಮತ್ತೆ ಹೇಳಬೇಕಾಯಿತು. ನಡುವೆ ನಲವತ್ತೈದು ವರ್ಷ!

ಹಾಗಾದರೆ ನೆಂಟರೇ ಜಾಮೀನು ನಿಲ್ಲಲಿ ಎಂದುಬಿಟ್ಟರೆ ಮುಗಿಯಿತೆ? ಅಷ್ಟು ಸುಲಭವಿಲ್ಲ. ಅಕ್ಕ ಬಂದು ಜಗುಲಿಯ ಮೇಲೆ ಕೂತು ಅತ್ತರೆ ತಮ್ಮ "ಆಗುವುದಿಲ್ಲ" ಎಂದಾನೆಯೇ? ಎಂದರೆ ಅಂದಿಗೇ ಅಕ್ಕನಿಗೂ ಅವನಿಗೂ ಆಗುವುದಿಲ್ಲ. ಕೇಸು ಮುಗಿಯುವತನಕ, ಅದೆಷ್ಟು ವರ್ಷವೋ, ಹೊಣೆ ಹೆಗಲ ಮೇಲೆ. ಅಳಿಯ ತಪ್ಪಿಸಿಕೊಂಡರೆ ಮಾವನಿಗೆ ದಂಡ. ದಂಡ ವಸೂಲಾಗದಿದ್ದರೆ ಆರು ತಿಂಗಳವರೆಗೆ ಸಿವಿಲ್ ಜೈಲು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ಮಾತು 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಬೇಡವೆನಿಸಿದರೆ ಜಾಮೀನು ಹಿಂತೆಗೆಯಲು ಅರ್ಜಿ ಹಾಕಬಹುದು. ಹಾಕಿದರೆ ಅಳಿಯನ ಮೇಲೆ ವಾರಂಟು. ಮಾವ ಎಂಬ ಮಾತಿನೊಳಗೆ ಒಬ್ಬ ಕಾವಲಿನವನೂ ಬಂದು ಕೂತಂತಾಯಿತು.

ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್‌ಗೆ ಲಂಡನ್ನಿನಲ್ಲಿ ಜಾಮೀನು ನಿಂತ ಸ್ನೇಹಿತರಿಗೂ ಇದೇ ಇಕ್ಕಟ್ಟು ಬಂತು. 2012ರ ಜೂನಿನಲ್ಲಿ ಅವನು ಈಕ್ವೆಡಾರ್ ದೂತಾವಾಸ ಹೊಕ್ಕು ಕುಳಿತ. ದೇಶದೇಶಗಳ ನಡುವಿನ ವಿಷಯದಲ್ಲಿ ನಾವು ಮಾಡುವುದೇನಿದೆ ಎಂದು ಸ್ನೇಹಿತರ ಅಳಲು. ಇವರು ನಂಬಿಕೆಯಿಂದಲೇ ನಡೆದುಕೊಂಡಿದ್ದಾರೆ ಎಂದು ಒಪ್ಪಿದ ನ್ಯಾಯಾಧೀಶರು, ಆದರೂ ಅವನನ್ನು ತಂದೊಪ್ಪಿಸುವ ಮೂಲ ಹೊಣೆಯಲ್ಲಿ ಸೋತರು ಎಂದು ಆ ಅಕ್ಟೋಬರಿನಲ್ಲಿ ಒಂಬತ್ತು ಜನರಿಂದ ಒಟ್ಟು 93,500 ಪೌಂಡ್ ಕಟ್ಟಿಸಿದರು. ನನಗಿದು ಅನ್ಯಾಯ ಅನಿಸುವುದಿಲ್ಲ. ಆ ಒಂಬತ್ತು ಜನ ಓದು ಬರಹ ಬಲ್ಲವರು, ಏನು ಬರೆದುಕೊಡುತ್ತಿದ್ದೇವೆಂದು ತಿಳಿದು ಬರೆದುಕೊಟ್ಟವರು. ಬೇಡ ಎನ್ನುವ ದಾರಿ ಅವರಿಗೆ ತೆರೆದಿತ್ತು. ಜಗುಲಿಯ ಮೇಲೆ ಅಕ್ಕ ಕೂತಿರುವ ತಮ್ಮನಿಗೆ ಅದು ಇಲ್ಲ. ಒಲಿದು ಕೊಟ್ಟರೆ ಅದು ಹೊಣೆ, ಬೇರೆ ದಾರಿಯಿಲ್ಲದೆ ಕೊಟ್ಟರೆ ಒತ್ತೆ. ಎರಡಕ್ಕೂ ಕೋರ್ಟಿನ ಕಾಗದ ಮಾತ್ರ ಒಂದೇ.

ಇಲ್ಲಿ ನನ್ನ ವಾದ ಇಷ್ಟೇ. ಕೆಲಸ ಮಾಡುವುದು ಅಳುಕೇ ಆದರೆ ಎಕರೆಯ ಲೆಕ್ಕ ಯಾಕೆ? ಮಾವ 5,000 ರೂಪಾಯಿ ಕಳೆದುಕೊಂಡರೂ ಅಳಿಯನ ಮುಖ ಬಾಡುತ್ತದೆ, ಐದು ಎಕರೆ ಕಳೆದುಕೊಂಡರೂ ಬಾಡುತ್ತದೆ. ಮೊದಲನೆಯದರಲ್ಲಿ ಮಾವನ ಮನೆ ಉಳಿಯುತ್ತದೆ. ಮುಚ್ಚಳಿಕೆಯ ಮೊತ್ತ ಅತಿಯಾಗಿರಬಾರದು ಎಂದು ಕಾನೂನೇ ಹೇಳಿದೆ, ಜಾಮೀನುದಾರನ ಬಡತನವನ್ನೂ ಅದರೊಳಗೆ ಸೇರಿಸಿ ಓದಬೇಕು. ಮೊದಲು ಆರೋಪಿಯದೇ ಮುಚ್ಚಳಿಕೆ. ಅದು ಸಾಲದೆನಿಸಿದರೆ ಅವನನ್ನು ಬಲ್ಲ ಒಬ್ಬ ಮನುಷ್ಯ, ಪಹಣಿ ಇರಲಿ ಇಲ್ಲದಿರಲಿ. ವಿಮಾನ ಹತ್ತಿ ಓಡುವಂಥ ದೊಡ್ಡ ಕುಳಗಳ ಮಾತು ಬೇರೆ: ಅಂಥವರಿಗೆ ಪಾಸ್‌ಪೋರ್ಟ್ ಕಿತ್ತಿಡುವುದೇ ಮದ್ದು, ಭಾವಮೈದುನನ ಸೈಟು ಅವರನ್ನು ತಡೆದದ್ದಿಲ್ಲ.

ಹಾಗೆ ಮಾಡಿದರೆ ಟೀ ಅಂಗಡಿಯ ಪಾಠಶಾಲೆಯೂ ತಾನಾಗಿ ಮುಚ್ಚೀತು. ಗದ್ದೆ ಕೇಳುವವರಿದ್ದರೆ ಬಾಡಿಗೆ ಗದ್ದೆ ಬರುತ್ತದೆ. ಮಾವನನ್ನು ಕೇಳಿದರೆ, ಬಾಡಿಗೆ ಮಾವನನ್ನು ನಾಲ್ಕು ಪ್ರಶ್ನೆಯಲ್ಲಿ ಹಿಡಿಯಬಹುದು: ಹುಡುಗನ ತಾಯಿಯ ಹೆಸರೇನು, ಅವನು ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟ, ಮನೆ ಎತ್ತ ಮುಖ ಮಾಡಿದೆ, ಕಳೆದ ಹಬ್ಬಕ್ಕೆ ಯಾರು ಯಾರ ಮನೆಗೆ ಹೋಗಿದ್ದರು.

ಅದು ಆಗುವ ತನಕ ಓದುಗರಲ್ಲಿ ಒಂದು ಕೋರಿಕೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ, ಈ ವಾರವೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೊಂದು ಅರ್ಜಿ ಕೊಡಿ. ಅಕ್ಕ ಯಾವತ್ತು ಬಂದು ಜಗುಲಿಯ ಮೇಲೆ ಕೂರುತ್ತಾಳೋ ಹೇಳಲಾಗದು.