ಬಲಗೈಯ ಗುಟ್ಟು, ಪೆಟ್ಟಿಗೆಯ ಲೆಕ್ಕ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ನಮ್ಮಲ್ಲಿ ಎಲ್ಲ ಮತದವರ ಬಾಯಲ್ಲೂ ಇದೆ. ಅದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ್ದು, ಯೇಸುವಿನ ಬೆಟ್ಟದ ಪ್ರಸಂಗದ ಒಂದು ತುಣುಕು ಎಂಬುದು ಹೇಳುವ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಆದರೆ ಗಾದೆಯಾಗಿ ಬಳಸಿ ಬಳಸಿ ಮಾತು ಸವೆದಿದೆ. ಕೊಟ್ಟದ್ದನ್ನು ಊರೆಲ್ಲ ಹೇಳಿಕೊಂಡು ತಿರುಗಬೇಡ ಎಂಬಷ್ಟೇ ಅರ್ಥ ಈಗ ಉಳಿದಿದೆ. ಅದನ್ನೂ ನಾವು ಪಾಲಿಸುವ ರೀತಿ ಚೆನ್ನಾಗಿಯೇ ಇದೆ. ಸಭಾಭವನದ ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ಬರೆಸಿರುತ್ತೇವೆ, ಕರೆಂಟು ಹೋದಾಗ ಮಾತ್ರ ಓದಲು ಸಿಗುತ್ತದೆ.

ಮೂಲದ ಮಾತು ಇದಕ್ಕಿಂತ ಬಿಗಿ. ಅಲ್ಲಿ ಪಕ್ಕದ ಮನೆಯವನ ಕೈಯ ಸುದ್ದಿ ಇಲ್ಲ, ಇರುವುದು ಕೊಡುವವನದೇ ಎಡಗೈ. ಜನರ ಮುಂದೆ ತುತೂರಿ ಊದಿಸಬೇಡ ಎಂದು ಮೊದಲೇ ಹೇಳಿ ಆಗಿದೆ, ಮುಂದಿನ ಮೆಟ್ಟಿಲು ಇದು: ನೀನೇ ನಿನ್ನ ಪ್ರೇಕ್ಷಕನಾಗಬೇಡ. ಗುಟ್ಟಾಗಿ ಕೊಟ್ಟು, ಆ ಗುಟ್ಟನ್ನು ರಾತ್ರಿ ಮಲಗುವ ಮುನ್ನ ಒಮ್ಮೆ ಸವಿದು ನೋಡುವುದಿದೆಯಲ್ಲ, ಅದಕ್ಕೂ ಇಲ್ಲಿ ಅನುಮತಿಯಿಲ್ಲ. ಜರ್ಮನಿಯ ದೇವತಾಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಪ್ರಕಟವಾದ ತನ್ನ ಶಿಷ್ಯತ್ವದ ಪುಸ್ತಕದಲ್ಲಿ ಈ ಭಾಗವನ್ನು ಹೀಗೆಯೇ ಓದಿದ. ಮತ್ತಾಯನ ಇಪ್ಪತ್ತೈದನೇ ಅಧ್ಯಾಯವೂ ಇದಕ್ಕೆ ಒತ್ತಾಸೆ. ಕಡೆಯ ನ್ಯಾಯತೀರ್ಪಿನ ದಿನ, ಹಸಿದವರಿಗೆ ಉಣಿಸಿದ ಜನ ತಮ್ಮನ್ನು ಹೊಗಳಿದಾಗ ಗಲಿಬಿಲಿಗೊಂಡು, ನಾವು ಯಾವಾಗ ಹಾಗೆ ಮಾಡಿದೆವು ಎಂದು ಕೇಳುತ್ತಾರೆ. ಅದು ನಟನೆಯಲ್ಲ, ಅವರಿಗೆ ನಿಜಕ್ಕೂ ನೆನಪಿಲ್ಲ.

ಇಲ್ಲೊಂದು ತೊಡಕಿದೆ. ಮಿಕ್ಕಿದ್ದರಲ್ಲಿ ಕೊಟ್ಟರೆ ಮರೆಯುವುದು ಸುಲಭ. ಇರುವುದನ್ನೇ ಕೊಟ್ಟವಳು ಮರೆಯುವುದು ಹೇಗೆ? ಯೆರೂಸಲೇಮಿನ ದೇವಾಲಯದ ಬೊಕ್ಕಸಕ್ಕೆ ಎರಡು ಕಾಸು ಹಾಕಿದ ವಿಧವೆಯ ಕಥೆಯನ್ನು ಮಾರ್ಕ, ಲೂಕ ಇಬ್ಬರೂ ಬರೆದಿದ್ದಾರೆ. ಎರಡೂ ಕಾಸು ಸೇರಿದರೆ ಕೂಲಿಯಾಳಿನ ಒಂದು ದಿನದ ಸಂಬಳವಾದ ದಿನಾರಿಯಲ್ಲಿ ಅರವತ್ತನಾಲ್ಕನೇ ಒಂದು ಪಾಲು. ಆ ಸಂಜೆ ಹೊಟ್ಟೆ ಹಸಿದಾಗ ಅವಳ ಎಡಗೈಗೂ ಬಲಗೈಗೂ ವಿಷಯ ಗೊತ್ತಾಗಿಯೇ ಇರುತ್ತದೆ. ತ್ಯಾಗದ ಕೊಡುಗೆ ಮೈಗೆ ತಿಳಿಯುತ್ತದೆ, ತಿಳಿಯದಿದ್ದರೆ ಅದು ತ್ಯಾಗವಲ್ಲ. ಮರೆಯಬೇಕಾದದ್ದು ಹಸಿವನ್ನಲ್ಲ, ದೇವರು ತನಗೆ ಬಾಕಿದಾರ ಎಂಬ ಲೆಕ್ಕವನ್ನು. ಒಂದು ಸಂಗತಿ ನನಗೆ ಯಾವಾಗಲೂ ಹಿಡಿಸುತ್ತದೆ: ಯೇಸು ಅವಳನ್ನು ಮೆಚ್ಚಿದ್ದು ಶಿಷ್ಯರನ್ನು ಹತ್ತಿರ ಕರೆದು, ಅವರ ಕಿವಿಗೆ. ಅವಳನ್ನು ಕರೆದು ಹೇಳಿದನೆಂದು ಕಥೆಯಲ್ಲಿ ಎಲ್ಲೂ ಇಲ್ಲ.

ಈ ಕಥೆಯನ್ನು ಕಾಣಿಕೆ ಎತ್ತುವ ಮುನ್ನ ಓದಿಸುವುದು ರೂಢಿ. ಓದಿಸುವವರು ಸ್ವಲ್ಪ ಹಿಂದಿನಿಂದ ಶುರುಮಾಡಿದರೆ ಒಳ್ಳೆಯದು. ಅದರ ಹಿಂದಿನ ಮಾತಿನಲ್ಲೇ ಯೇಸು, ವಿಧವೆಯರ ಮನೆಗಳನ್ನು ನುಂಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಬೈದಿದ್ದಾನೆ. ಮಾರ್ಕನಲ್ಲಿ ಅದರ ಮುಂದಿನ ಅಧ್ಯಾಯ ಅದೇ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ನಿಲ್ಲದು ಎಂಬ ಮಾತಿನಿಂದ ಆರಂಭವಾಗುತ್ತದೆ. ಅಡಿಸನ್ ರೈಟ್ ಎಂಬ ಬೈಬಲ್ ವಿದ್ವಾಂಸ 1982ರ ಒಂದು ಲೇಖನದಲ್ಲಿ, ವಿಧವೆಯ ಬಗ್ಗೆ ಯೇಸು ಆಡಿದ್ದು ಹೊಗಳಿಕೆಯಲ್ಲ, ಮರುಕ ಎಂದು ವಾದಿಸಿದ. ನಾನು ಅಷ್ಟು ದೂರ ಹೋಗಲಾರೆ. ಒಂದು ಕಾಸನ್ನು ಇಟ್ಟುಕೊಳ್ಳಬಹುದಾಗಿದ್ದವಳು ಎರಡನ್ನೂ ಹಾಕಿದಳು, ಅವಳನ್ನು ಬರೀ ಮೋಸಹೋದವಳೆಂದು ಕರೆದರೆ ಆ ನಿರ್ಧಾರವನ್ನು ಅವಳಿಂದ ಕಿತ್ತುಕೊಂಡಂತೆ. ಆದರೂ ರೈಟ್ ನಮ್ಮ ಕಣ್ಣನ್ನು ಅವಳ ಕೈಯಿಂದ ಪೆಟ್ಟಿಗೆಯ ಕಡೆಗೆ ತಿರುಗಿಸಿದ್ದು ಸರಿಯೇ. ಹೊಟ್ಟೆಗಿಲ್ಲದವಳು ಹಾಕಿದ ಕಾಸನ್ನು ಒಳಗಿನಿಂದ ಎಣಿಸಿಕೊಂಡ ಕೈ ಯಾರದು?

ಗುಟ್ಟು ಕೊಡುವವನ ಧರ್ಮ, ಇಟ್ಟುಕೊಳ್ಳುವವನದ್ದಲ್ಲ. ನಮ್ಮ ಸಭೆಗಳಲ್ಲಿ ಇದು ತಲೆಕೆಳಗಾಗಿದೆ. ಕೊಟ್ಟವರ ಹೆಸರು ಅಮೃತಶಿಲೆಯ ಮೇಲೆ, ಖರ್ಚಿನ ಲೆಕ್ಕ ಬೀರುವಿನ ಒಳಗೆ.

ಹಳೆಯ ಯೆಹೂದ್ಯರು ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದರು. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿಸಿದ ಮಿಶ್ನಾ ಗ್ರಂಥ ದೇವಾಲಯದಲ್ಲಿದ್ದ ಗುಟ್ಟಿನ ಕೋಣೆಯೊಂದನ್ನು ನೆನೆಯುತ್ತದೆ. ದೇವಭಯವುಳ್ಳವರು ಅಲ್ಲಿ ಯಾರಿಗೂ ಕಾಣದಂತೆ ಹಣ ಇಡುತ್ತಿದ್ದರು, ಒಳ್ಳೆಯ ಮನೆತನದಲ್ಲಿ ಹುಟ್ಟಿ ಬಡತನಕ್ಕೆ ಬಿದ್ದವರಿಗೆ ಅದರಿಂದ ಗುಟ್ಟಾಗಿಯೇ ಸಹಾಯ ಸಲ್ಲುತ್ತಿತ್ತು. ಅದೇ ಗ್ರಂಥ ಬೊಕ್ಕಸದಿಂದ ಹಣ ತೆಗೆಯಲು ಒಳಗೆ ಹೋಗುವವನಿಗೆ ಹಾಕಿದ ಕಟ್ಟಳೆ ನೋಡಿ: ಅವನ ನಿಲುವಂಗಿಗೆ ಮಡಿಸಿ ಹೊಲಿದ ಅಂಚು ಇರಬಾರದು, ಕಾಲಲ್ಲಿ ಜೋಡು ಇರಬಾರದು. ನಾಳೆ ಅವನು ಸಿರಿವಂತನಾದರೆ ಬೊಕ್ಕಸದಿಂದ ಕದ್ದ ಎಂದಾರು, ಬಡವನಾದರೆ ಬೊಕ್ಕಸದ ಪಾಪ ತಟ್ಟಿತು ಎಂದಾರು. ಬಡವರ ನಿಧಿಯನ್ನು ಎತ್ತಲು ಇಬ್ಬರು, ಹಂಚಲು ಮೂವರು ಇರಬೇಕೆಂಬ ನಿಯಮವೂ ಅಲ್ಲಿದೆ. ಅವರಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ ಇತ್ತೆಂದಲ್ಲ, ಮನುಷ್ಯರ ಪರಿಚಯ ಚೆನ್ನಾಗಿತ್ತು.

ಎಡಗೈಗೆ ತಿಳಿಯಬಾರದು ಎಂದರೆ ಲೆಕ್ಕವನ್ನೇ ಬರೆಯಬಾರದು ಎಂದಲ್ಲ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ದಶಕಗಳ ಕಾಲ ತನ್ನ ಜಮಾಖರ್ಚನ್ನು ಕಟ್ಟುನಿಟ್ಟಾಗಿ ಬರೆದಿಟ್ಟ, ಸಾಯುವ ಹಿಂದಿನ ವರ್ಷ, 1790ರಲ್ಲಿ, ಇನ್ನು ಬರೆಯಲಾರೆನೆಂದು ಕೈಬಿಟ್ಟ. ತನ್ನದೆಂಬ ಹಣವೇ ಇಲ್ಲ, ಎಲ್ಲ ದೇವರದು, ತಾನು ಬರೀ ಪಾರುಪತ್ಯಗಾರ ಎಂದು ನಂಬಿದವನಿಗೆ ಲೆಕ್ಕದ ಪುಸ್ತಕ ಬೇಕೇ ಬೇಕು. ಧಣಿಗೆ ಒಪ್ಪಿಸಬೇಕಲ್ಲ.

ಕೊಡುವವರ ಗುಟ್ಟು, ಕೊಟ್ಟದ್ದರ ಲೆಕ್ಕ ಎರಡೂ ಒಟ್ಟಿಗೆ ನಡೆಯುವುದನ್ನು ನೋಡಬೇಕಾದರೆ ಮಿಜೋರಮಿಗೆ ಹೋಗಬೇಕು. ಇಪ್ಪತ್ತನೇ ಶತಮಾನದ ಆರಂಭದ ವರ್ಷಗಳಿಂದ ಅಲ್ಲಿನ ಕ್ರೈಸ್ತ ಗೃಹಿಣಿಯರು ಪ್ರತಿ ಸಲ ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾರೆ. ಅವರ ಭಾಷೆಯಲ್ಲಿ ಅದು ಬುಹ್‌ಫೈ ಥಾಮ್. ಸಭೆಯ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಒಟ್ಟುಮಾಡುತ್ತಾರೆ, ಮಾರಿ ಬಂದ ಹಣ ಸಭೆಯ ಕೆಲಸಕ್ಕೆ. ಒಂದು ಮೂಟೆಗೆ ಬಿದ್ದ ಮೇಲೆ ಯಾರ ಮನೆಯ ಅಕ್ಕಿ ಎಂದು ಯಾರು ಗುರುತಿಸಿಯಾರು? ಹಿಡಿಗೆ ಹೆಸರಿಲ್ಲ, ಮೂಟೆಗೆ ತೂಕವಿದೆ. ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ಕಾಲದಲ್ಲೂ ಆ ಹಿಡಿ ತೆಗೆದದ್ದು ಉಣ್ಣುವ ಪಾಲಿನಿಂದಲೇ ಎಂಬುದನ್ನು ಮರೆಯಬಾರದು.

ನಮ್ಮ ವಾರ್ಷಿಕ ಸಭೆಗಳಲ್ಲಿ ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಲೆಕ್ಕ ಕೇಳಿದರೆ, ದೇವರ ಕೆಲಸದಲ್ಲೂ ಅನುಮಾನವೇ ಎಂದು ಮುನಿಸು ಬರುತ್ತದೆ. ಊಟದ ಹೊತ್ತೂ ಆಗಿರುತ್ತದೆ, ಬಿರಿಯಾನಿಯ ವಾಸನೆ ಪ್ರಶ್ನೆ ಕೇಳಿದವನನ್ನು ಕೂರಿಸಿಬಿಡುತ್ತದೆ. ಅಪೊಸ್ತಲ ಪೌಲನಾದರೋ ಯಾರಾದರೂ ಲೆಕ್ಕ ಕೇಳಲಿ ಎಂದು ಕಾಯದೆ ತಾನೇ ವ್ಯವಸ್ಥೆ ಮಾಡಿಕೊಂಡ. ಯೆರೂಸಲೇಮಿನ ಬಡವರಿಗೆಂದು ಗ್ರೀಸ್ ಕಡೆಯ ಸಭೆಗಳಲ್ಲಿ ಹಣ ಎತ್ತುವಾಗ, ಕಡುಬಡತನದಲ್ಲೂ ಶಕ್ತಿಮೀರಿ ಕೊಟ್ಟ ಮಕೆದೋನ್ಯದವರನ್ನು ಕೊರಿಂಥದವರ ಮುಂದೆ ಹೊಗಳಿದ. ಜೊತೆಗೇ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ತನ್ನ ಮೇಲೆ ಯಾರೂ ಬೆರಳು ತೋರಿಸದಂತೆ ಸಭೆಗಳೇ ಆರಿಸಿದವರನ್ನು ಜೊತೆಗೆ ಕಳಿಸುತ್ತಿದ್ದೇನೆ ಎಂದೂ ಬರೆದ. ಕೊಟ್ಟ ಆ ಮಕೆದೋನ್ಯದ ಬಡವರಲ್ಲಿ ಒಬ್ಬರ ಹೆಸರೂ ಆ ಪತ್ರದಲ್ಲಿಲ್ಲ. ಅಪೊಸ್ತಲರ ಕೃತ್ಯಗಳ ಇಪ್ಪತ್ತನೇ ಅಧ್ಯಾಯದಲ್ಲಿ ಪೌಲನ ಜೊತೆ ಹೊರಟ ಏಳು ಜನರ ಪಟ್ಟಿಯಿದೆ, ಹಣದ ಕಾವಲಿಗೆ ಹೋದವರು ಇವರೇ ಎಂಬುದು ಹಲವು ವಿದ್ವಾಂಸರ ಎಣಿಕೆ. ಬೆರೋಯದ ಸೋಪತ್ರ, ಥೆಸಲೊನೀಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೆಯ, ಆಸ್ಯ ಸೀಮೆಯ ತುಖಿಕ ಮತ್ತು ತ್ರೊಫಿಮ. ಇವರ ಹೆಸರನ್ನು ಮಾತ್ರ, ಹೆಚ್ಚಿನವರಿಗೆ ಊರಿನ ಗುರುತನ್ನೂ ಸೇರಿಸಿ, ಬರೆದಿಟ್ಟಿದ್ದಾರೆ.