ಲೇಪ ಕಳಚುವ ಕ್ರಮ

ಜೈನ ದರ್ಶನದಲ್ಲಿ ಕರ್ಮವೆಂದರೆ ಬರಿಯ ಕ್ರಿಯೆಯಲ್ಲ. ಅದು ಜೀವಕ್ಕೆ ಅಂಟಿಕೊಳ್ಳುವ ಅತಿಸೂಕ್ಷ್ಮವಾದ ಪುದ್ಗಲ, ಅಂದರೆ ಜಡದ್ರವ್ಯ. ಆದ್ದರಿಂದ ಅಂಟು, ಲೇಪ, ಬಣ್ಣ ಎಂಬ ಮಾತುಗಳು ಅಲ್ಲಿ ಅಲಂಕಾರಕ್ಕಾಗಿ ಬಂದವಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರಾಚಾರ್ಯರು ‘ಗೊಮ್ಮಟಸಾರ’ದಲ್ಲಿ, ಜೀವವು ಯಾವುದರಿಂದ ತನಗೆ ತಾನೇ ಪುಣ್ಯಪಾಪಗಳನ್ನು ಬಳಿದುಕೊಳ್ಳುತ್ತದೆಯೋ ಅದೇ ಲೇಶ್ಯೆ ಎಂದು ವಿವರಿಸಿ, ಕೃಷ್ಣದಿಂದ ಶುಕ್ಲದವರೆಗೆ ಅದಕ್ಕೆ ಆರು ಬಣ್ಣಗಳನ್ನು ಹೇಳುತ್ತಾರೆ. ಹೀಗಿರುವಾಗ, ಕಾರಿನ ಲೋಹದ ಭಾಗಗಳಿಂದ ಹಳೆಯ ಬಣ್ಣ ತೆಗೆಯುವ ಕಸುಬನ್ನು ಈ ತತ್ತ್ವದ ಪಕ್ಕದಲ್ಲಿಟ್ಟು ನೋಡುವುದು ಅಷ್ಟೇನೂ ಅಸಂಗತವಲ್ಲ.

ಮುಂಬಯಿಯಲ್ಲಂತೂ ಈ ಎರಡೂ ಹತ್ತಿರದವೇ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದ ವಾಲಚಂದ್ ಹೀರಾಚಂದ್ ಸೊಲ್ಲಾಪುರದ ದಿಗಂಬರ ಜೈನ ಮನೆತನದವರು. ಅವರ ಕಂಪನಿಯ ಕುರ್ಲಾ ಕಾರ್ಖಾನೆಯಿಂದ ಮುಂದೆ ಹೊರಬಂದ ಪದ್ಮಿನಿ ಕಾರುಗಳು ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ನಗರದಲ್ಲಿ ಓಡಿ, 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದವು. ಉಳಿದಿರುವ ಒಂದನ್ನು ಹೊಸದಾಗಿಸಬೇಕೆನ್ನುವವನು ಮೊದಲು ಎದುರಿಸಬೇಕಾದದ್ದು ಅದರ ಪತ್ರಾದ ಮೇಲೆ ಪದರಪದರವಾಗಿ ಕುಳಿತ ಬಣ್ಣವನ್ನು, ಪುಟ್ಟಿಯನ್ನು.

ಇಲ್ಲಿ ಆಯ್ಕೆಯ ಪ್ರಶ್ನೆ ಹುಟ್ಟುತ್ತದೆ. ಕಾಸ್ಟಿಕ್ ಸೋಡಾದ ಬಿಸಿ ದ್ರಾವಣ ಎಣ್ಣೆಯ ಅಂಶವಿರುವ ಹಳೆಯ ಬಣ್ಣವನ್ನು ಸಾಬೂನಿನಂತೆ ಕರಗಿಸುತ್ತದೆ, ಉಕ್ಕಿಗೆ ಹೆಚ್ಚಿನ ಕೇಡು ಮಾಡುವುದಿಲ್ಲ. ಆದರೆ ಅದೇ ತೊಟ್ಟಿಗೆ ಅಲ್ಯುಮಿನಿಯಂ ಚಕ್ರವೊಂದನ್ನು ಇಳಿಸಿದರೆ ಹೈಡ್ರೋಜನ್ ಗುಳ್ಳೆಗಳೇಳುತ್ತ ಬಣ್ಣದ ಜೊತೆಗೆ ಲೋಹವೂ ಕರಗುತ್ತದೆ. ಆಮ್ಲದಲ್ಲಿ ನೆನೆದ ಗಟ್ಟಿ ಉಕ್ಕಿನ ಸ್ಪ್ರಿಂಗು ಹೈಡ್ರೋಜನ್ ಹೀರಿಕೊಂಡು ಒಳಗೊಳಗೇ ಪೆಡಸಾಗಿ, ಹೊರಗೆ ಏನೂ ಕಾಣಿಸದೆ, ಭಾರ ಬಿದ್ದ ದಿನ ಮುರಿಯಬಹುದು. ಯಾವುದು ಅಂಟಿದ್ದು, ಯಾವುದು ಮೂಲ ಎಂದು ಬೇರ್ಪಡಿಸಿ ಅರಿಯುವುದನ್ನು ಜೈನರು ಭೇದವಿಜ್ಞಾನ ಎನ್ನುತ್ತಾರೆ. ಕುಂದಕುಂದಾಚಾರ್ಯರು ‘ಸಮಯಸಾರ’ದಲ್ಲಿ ಜೀವವನ್ನೂ ಬಂಧವನ್ನೂ ಬಿಡಿಸಲು ಪ್ರಜ್ಞೆಯೇ ಉಳಿ ಎಂದದ್ದು ಈ ಅರ್ಥದಲ್ಲಿ. ಮೂಲವನ್ನು ಅರಿಯದವನ ಕೈಯಲ್ಲಿ ತೀಕ್ಷ್ಣವಾದ ತಪಸ್ಸೂ ಆ ಸೋಡಾ ತೊಟ್ಟಿಯಂತೆಯೇ.

ಕರ್ಮ ಉದುರುವುದಕ್ಕೆ ನಿರ್ಜರೆ ಎಂದು ಹೆಸರು. ಕಾಲ ಬಂದಾಗ ಫಲಕೊಟ್ಟು ತಾನಾಗಿ ಉದುರುವುದು ಸವಿಪಾಕ, ಬಿಸಿಲಿಗೆ ಸಿಪ್ಪೆಯೇಳುವ ಬಣ್ಣದ ಹಾಗೆ. ತಪಸ್ಸಿನಿಂದ ಕಾಲಕ್ಕೆ ಮೊದಲೇ ಉದುರಿಸುವುದು ಅವಿಪಾಕ, ರಿಮೂವರ್ ಹಚ್ಚಿ ತೆಗೆದ ಹಾಗೆ. ಆದರೆ ತತ್ತ್ವಗಳ ಎಣಿಕೆಯಲ್ಲಿ ನಿರ್ಜರೆಗೆ ಮುಂಚೆ ಸಂವರ ಬರುತ್ತದೆ, ಅಂದರೆ ಹೊಸ ಕರ್ಮದ ಒಳಹರಿವನ್ನು ತಡೆಯುವುದು. ಈ ಕ್ರಮ ಏಕೆಂಬುದಕ್ಕೆ ಜುಲೈ ತಿಂಗಳ ಮುಂಬಯಿಯ ಗಾಳಿಯೇ ಸಾಕು: ಪ್ರೈಮರ್ ಸಿದ್ಧಮಾಡಿಕೊಳ್ಳದೆ ಬೆತ್ತಲು ಮಾಡಿದ ಪತ್ರಾಕ್ಕೆ ಕೆಲವೇ ಗಂಟೆಗಳಲ್ಲಿ ಕೆಂಪು ತುಕ್ಕು ಏರುತ್ತದೆ. ಶಾಸ್ತ್ರಕಾರರು ಜೀವಕ್ಕೆ ಕೊಟ್ಟ ಹೋಲಿಕೆ ಅದಿರಿನೊಳಗಿನ ಚಿನ್ನದ್ದು, ಉಕ್ಕಿನದಲ್ಲ. ಒಮ್ಮೆ ಶುದ್ಧವಾದ ಚಿನ್ನ ಮರಳಿ ಅದಿರಾಗದಂತೆ ಮುಕ್ತಜೀವಕ್ಕೆ ಮರಳಿ ಬಂಧವಿಲ್ಲ. ಸಾಧಕನಾದರೋ ಮೋಕ್ಷದವರೆಗೂ ಉಕ್ಕೇ.

ಹೋಲಿಕೆ ಸೋಲುವ ಇನ್ನೊಂದು ಜಾಗ ಕಳಚಿದ ವಸ್ತುವಿನದು. ಉದುರಿದ ಕರ್ಮ ಮತ್ತೆ ಸಾಮಾನ್ಯ ಪುದ್ಗಲವಾಗುತ್ತದೆ, ಯಾರನ್ನೂ ಬಾಧಿಸುವುದಿಲ್ಲ. ಬಣ್ಣದ ರಾಡಿಯ ಸಂಗತಿ ಹಾಗಲ್ಲ. ಬೇಗ ಕೆಲಸ ಮಾಡುವ ಮೆಥಿಲೀನ್ ಕ್ಲೋರೈಡ್ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ದ್ರವವಾದ್ದರಿಂದ ಇಕ್ಕಟ್ಟಾದ ಅಂಗಡಿಯಲ್ಲಿ ಆವಿ ದಟ್ಟವಾಗಿ, ಉಸಿರಾಡಿದವನ ದೇಹದಲ್ಲಿ ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಅಮೆರಿಕ 2019ರಲ್ಲಿ ಮನೆಬಳಕೆಯ ಬಣ್ಣ ತೆಗೆಯುವ ಸಾಮಾನಾಗಿ ಅದನ್ನು ಮಾರುವುದನ್ನೇ ನಿಷೇಧಿಸಿತು. ಬೆಂಜೈಲ್ ಆಲ್ಕೊಹಾಲ್ ಆಧಾರಿತ ದ್ರಾವಣ ನಿಧಾನ, ಆದರೆ ಅದರ ಆವಿ ಕಡಿಮೆ. ಬೇಗ ಮುಗಿಯುವುದೇ ಗುಣವೆಂಬ ಗ್ಯಾರೇಜಿನ ಲೆಕ್ಕದಲ್ಲಿ ಮಾತ್ರ ಅದು ಹಿಂದೆ ಬೀಳುತ್ತದೆ. ಯಾವುದನ್ನು ಆರಿಸಿದರೂ ಕುರ್ಲಾದ ಗಟಾರಕ್ಕೆ ಚೆಲ್ಲಿದ ರಾಡಿ ಮೀಠೀ ನದಿಗೆ ಸೇರಿ ಮಾಹೀಮ್ ಖಾರಿಗೆ ಹೋಗುತ್ತದೆ, ಮತ್ತು ನೀರನ್ನೇ ಶರೀರವಾಗಿ ಉಳ್ಳ ಜಲಕಾಯಿಕ ಜೀವಗಳನ್ನು ಒಪ್ಪುವ ದರ್ಶನಕ್ಕೆ ಇದು ಸಣ್ಣ ಮಾತಲ್ಲ. ಮುನಿಯು ತನ್ನ ಮಲವನ್ನೂ ಜೀವಗಳಿಲ್ಲದ ನೆಲ ನೋಡಿ ವಿಸರ್ಜಿಸಬೇಕೆಂಬ ಎಚ್ಚರಕ್ಕೆ ಉತ್ಸರ್ಗ ಸಮಿತಿ ಎಂದು ಹೆಸರು. ಶಾಸ್ತ್ರವು ಅದನ್ನು ಎಣಿಸಿರುವುದು ನಿರ್ಜರೆಯ ಸಾಧನಗಳಲ್ಲಲ್ಲ, ಸಂವರದ ಸಾಧನಗಳಲ್ಲಿ.